ಹಲ್ಲಿನ ಚಿಕಿತ್ಸೆಯ ಭಯಕ್ಕೆ ಯಾವ ಸೆಡೇಶನ್ ಸೂಕ್ತ?

ಭಯದಿಂದ ರೂಟ್ ಕೆನಾಲ್ ಚಿಕಿತ್ಸೆಯನ್ನು ಮುಂದೂಡುತ್ತಲೇ ಬಂದಿರುವ ನೀವು, ಪೂರ್ತಿ ಪ್ರಜ್ಞೆ ತಪ್ಪಿಸಿ ಅದನ್ನು ಮಾಡಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ದಂತವೈದ್ಯನಾಗಿ ಹೇಳುವುದಾದರೆ, ಮಾಡಿಸಿಕೊಳ್ಳಬಹುದು; ಆದರೆ ಒಂದು ಹಲ್ಲಿಗಾಗಿ ಅಷ್ಟು ದೂರ ಹೋಗಬೇಕಾಗಿ ಬರುವುದು ಅಪರೂಪ. ನೋವನ್ನು ತಡೆಯುವುದು ಒಸಡಿಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್. ಸೆಡೇಶನ್, ಅಂದರೆ ಔಷಧ ಕೊಟ್ಟು ಮನಸ್ಸನ್ನು ಶಾಂತಗೊಳಿಸುವುದು, ಮುಖ್ಯವಾಗಿ ಭಯವನ್ನು ತಗ್ಗಿಸುತ್ತದೆ, ಆದ್ದರಿಂದ ಅದನ್ನು ಪಡೆದರೂ ಆ ಇಂಜೆಕ್ಷನ್ ತಪ್ಪುವುದಿಲ್ಲ.

ಎಲ್ಲಕ್ಕಿಂತ ಹಗುರವಾದದ್ದು ನೈಟ್ರಸ್ ಆಕ್ಸೈಡ್. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ತಮ್ಮದೇ ಹಲ್ಲನ್ನು ಕೀಳಿಸಿಕೊಂಡದ್ದು ಇದನ್ನು ಉಸಿರಾಡಿಯೇ. ಆಮ್ಲಜನಕದೊಂದಿಗೆ ಬೆರೆತ ಈ ಅನಿಲ ಮೂಗಿನ ಮೇಲೆ ಕೂರುವ ಪುಟ್ಟ ಮಾಸ್ಕ್‌ನಿಂದ ಒಳಗೆ ಹೋದ ಕೆಲವೇ ನಿಮಿಷಗಳಲ್ಲಿ ಬೆರಳ ತುದಿಗಳು ಜುಮ್ಮೆನ್ನುತ್ತವೆ, ಕುರ್ಚಿಯ ಕೈಯನ್ನು ಬಿಗಿಹಿಡಿದ ಮುಷ್ಟಿ ತಾನಾಗಿ ಸಡಿಲವಾಗುತ್ತದೆ. ಕೊನೆಗೆ ಸುಮಾರು 5 ನಿಮಿಷ ಬರಿಯ ಆಮ್ಲಜನಕ ಕೊಟ್ಟರೆ ಅಮಲು ಇಳಿಯುತ್ತದೆ. ಆದರೆ ಮೂಗು ಕಟ್ಟಿದ್ದರೆ ಪ್ರಯೋಜನವಿಲ್ಲ. ಗರ್ಭಿಣಿಯರು ಮತ್ತು ಬಿ12 ಕೊರತೆಯುಳ್ಳವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಚಿಕಿತ್ಸೆಗೆ ಸುಮಾರು ಒಂದು ಗಂಟೆ ಮುಂಚೆ ನುಂಗುವ ಡಯಾಜಿಪಾಮ್‌ನಂಥ ಮಾತ್ರೆ ಸುಲಭವೆನಿಸಿದರೂ ನನಗೆ ಅದರ ಮೇಲೆ ಅಷ್ಟು ಒಲವಿಲ್ಲ, ಏಕೆಂದರೆ ಒಬ್ಬೊಬ್ಬರ ಮೇಲೆ ಅದರ ಪ್ರಭಾವ ಒಂದೊಂದು ತೆರನಾಗಿರುತ್ತದೆ ಮತ್ತು ನುಂಗಿದ ಮೇಲೆ ಪ್ರಮಾಣವನ್ನು ಹೊಂದಿಸಲಾಗದು. ರಕ್ತನಾಳದ ಮೂಲಕ ಮಿಡಜೋಲಾಮ್ ಕೊಡುವಾಗ ಈ ತೊಡಕಿಲ್ಲ: ಸ್ವಲ್ಪಸ್ವಲ್ಪವೇ ಕೊಟ್ಟು, ಪರಿಣಾಮ ನೋಡಿ ನಿಲ್ಲಿಸಬಹುದು, ಅಗತ್ಯ ಬಿದ್ದರೆ ಫ್ಲುಮಜೆನಿಲ್ ಎಂಬ ಪ್ರತ್ಯೌಷಧವೂ ಇದೆ. "ಬಾಯಿ ತೆರೆಯಿರಿ" ಎಂದಾಗಲೆಲ್ಲ ತೆರೆದು ಸಹಕರಿಸಿದ ರೋಗಿಯೇ ಎಲ್ಲ ಮುಗಿದ ಮೇಲೆ "ಯಾವಾಗ ಶುರು ಮಾಡುತ್ತೀರಿ?" ಎಂದು ಕೇಳುವುದುಂಟು, ನಡೆದದ್ದನ್ನು ಮರೆಸುವುದು ಈ ಔಷಧದ ಗುಣ. ಮಾತ್ರೆ, ರಕ್ತನಾಳದ ಸೆಡೇಶನ್ ಇವೆರಡರಲ್ಲಿ ಯಾವುದನ್ನು ಪಡೆದರೂ ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಬೇಕು, ಮರುದಿನದವರೆಗೆ ವಾಹನ ಚಲಾಯಿಸಬಾರದು.

ನೀವು ಕೇಳಿದ, ಪೂರ್ತಿ ಪ್ರಜ್ಞೆ ತಪ್ಪಿಸುವ ಜನರಲ್ ಅನೆಸ್ತೇಶಿಯಾ ಅರಿವಳಿಕೆ ತಜ್ಞರ ಕೆಲಸ. ಸಹಕರಿಸಲಾಗದ ಚಿಕ್ಕ ಮಕ್ಕಳಿಗೆ, ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಅದು ಮೀಸಲು.

ನಿಮ್ಮ ವೈದ್ಯರನ್ನು ಮೊದಲು ನೈಟ್ರಸ್ ಆಕ್ಸೈಡ್ ಬಗ್ಗೆ ವಿಚಾರಿಸಿ. ಅದು ಸಾಲದೆಂದು ರಕ್ತನಾಳದ ಸೆಡೇಶನ್‌ಗೆ ಹೋದರೆ, ಅವರ ಕೈ ನಿಮ್ಮ ಬಾಯಿಯಲ್ಲಿರುವಾಗ ನಿಮ್ಮ ಉಸಿರಾಟವನ್ನೂ ಪಲ್ಸ್ ಆಕ್ಸಿಮೀಟರನ್ನೂ ಗಮನಿಸುವವರು ಯಾರು ಎಂದು ಕೇಳಿಕೊಳ್ಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ನಿದ್ರೆಮಾತ್ರೆ, ಬಲವಾದ ನೋವುನಿವಾರಕ, ಮದ್ಯಪಾನ ಇವುಗಳಲ್ಲಿ ಯಾವುದಿದ್ದರೂ ಸಂಕೋಚಪಡದೆ ಹೇಳಿಬಿಡಿ.