ಎಟಿವಿ ಸರ್ವೀಸಿಗೆ ಕಿಲೋಮೀಟರ್ ಲೆಕ್ಕ ಸಾಕೇ?

ಪ್ರಶ್ನೆ: ನನ್ನ ಎಟಿವಿ (ಕಚ್ಚಾ ದಾರಿ, ಕೆಸರು, ಗುಡ್ಡಗಳಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಒಂದೂವರೆ ವರ್ಷದಲ್ಲಿ ಓಡಿರುವುದು 900 ಕಿಲೋಮೀಟರ್ ಮಾತ್ರ. ಹಾಗಾಗಿ ಬೈಕಿನ ಲೆಕ್ಕದಲ್ಲಿ ಒಂದೇ ಸಲ ಎಂಜಿನ್ ಆಯಿಲ್ ಬದಲಿಸಿದ್ದೇನೆ. ಈಗ ಏರು ಹತ್ತುವಾಗ ಗಾಡಿ ಮೊದಲಿನಂತೆ ಎಳೆಯುವುದಿಲ್ಲ, ಸ್ವಲ್ಪ ನೀಲಿ ಹೊಗೆಯೂ ಬರುತ್ತದೆ. ಮೊನ್ನೆ ಹಳ್ಳ ದಾಟಿದ ಮೇಲೆ ನೋಡಿದರೆ ಹಿಂಬದಿಯ ಗೇರ್ ಕೇಸಿನ ಆಯಿಲ್ ಹಾಲು ಬೆರೆತಂತೆ ಬಿಳಚಿಕೊಂಡಿದೆ. ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಲೆಕ್ಕವನ್ನು ಬದಲಿಸಿಕೊಳ್ಳಿ. ಎಟಿವಿ ಹೆಚ್ಚು ಹೊತ್ತು ಕಡಿಮೆ ಗೇರಿನಲ್ಲಿ, ಕೆಸರಿನಲ್ಲಿ, ಏರಿನಲ್ಲಿ ನಿಧಾನವಾಗಿ ದುಡಿಯುವ ವಾಹನ. ಸರಾಸರಿ ವೇಗ ಗಂಟೆಗೆ 12 ಕಿಲೋಮೀಟರ್ ಎಂದಿಟ್ಟುಕೊಂಡರೂ ನಿಮ್ಮ 900 ಕಿಲೋಮೀಟರ್ ಎಂದರೆ ಎಂಜಿನ್ 75 ಗಂಟೆ ದುಡಿದಿದೆ ಎಂದರ್ಥ. ಆದ್ದರಿಂದಲೇ ತಯಾರಕರ ಕೈಪಿಡಿಗಳು ಸರ್ವೀಸಿನ ಅವಧಿಯನ್ನು ಗಂಟೆಗಳಲ್ಲಿಯೂ ಕೊಡುತ್ತವೆ. ಸಾಮಾನ್ಯವಾಗಿ ಮೊದಲ ಆಯಿಲ್ ಬದಲಾವಣೆ 20–25 ಗಂಟೆಗಳ ಆಸುಪಾಸಿನಲ್ಲಿ ಬರುತ್ತದೆ. ಧೂಳು, ಕೆಸರು, ನೀರಿನಲ್ಲಿ ಓಡಿಸುವವರು ಆನಂತರದ ಅವಧಿಯನ್ನು ಕೈಪಿಡಿ ಹೇಳಿದ್ದರ ಅರ್ಧಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು. ಗಾಡಿಯಲ್ಲಿ ಗಂಟೆ ತೋರಿಸುವ ಮೀಟರ್ ಇಲ್ಲದಿದ್ದರೆ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟರೂ ಸಾಕು.

ಎಳೆಯದಿರುವುದಕ್ಕೂ ಹೊಗೆಗೂ ನಾನು ಮೊದಲು ಅನುಮಾನಿಸುವುದು ಏರ್ ಫಿಲ್ಟರನ್ನು. ಕಟ್ಟಿಕೊಂಡ ಫಿಲ್ಟರ್ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಹರಿದ ಅಥವಾ ಸರಿಯಾಗಿ ಕೂರದ ಫಿಲ್ಟರ್ ಅದಕ್ಕಿಂತ ಅಪಾಯಕಾರಿ, ಏಕೆಂದರೆ ಅದರ ಅಂಚಿನಿಂದ ನುಸುಳಿದ ನುಣುಪು ಧೂಳು ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಅರದಂತೆ ಉಜ್ಜಿ ಸವೆಸುತ್ತದೆ. ಸವೆದ ರಿಂಗುಗಳನ್ನು ದಾಟಿ ಬಂದ ಆಯಿಲ್ ಉರಿದಾಗ ನೀಲಿ ಹೊಗೆ ಕಾಣುತ್ತದೆ. ಫಿಲ್ಟರ್ ತೆಗೆದ ಮೇಲೆ ಅದರ ಹಿಂದಿನ ನಳಿಗೆಯ ಒಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣಿನ ಬಣ್ಣ ಹತ್ತಿದರೆ ಧೂಳು ಒಳಗೆ ಹೋಗಿದೆ ಎಂದೇ ತಿಳಿಯಿರಿ. ಆಗ ಮೆಕ್ಯಾನಿಕ್ ಬಳಿ ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸದೆ ಗಾಡಿಯನ್ನು ದುಡಿಸಬೇಡಿ.

ಫೋಮ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ದಯವಿಟ್ಟು ಬೇಡ. ಅದರಿಂದ ಫೋಮಿನ ಅಂಟು ಬಿಡಬಹುದು, ಬೆಂಕಿಯ ಅಪಾಯವಂತೂ ಇದ್ದೇ ಇದೆ. ಫಿಲ್ಟರಿಗೆಂದೇ ಸಿಗುವ ದ್ರಾವಣದಲ್ಲೋ ಸೋಪಿನ ಬೆಚ್ಚನೆಯ ನೀರಿನಲ್ಲೋ ಅದ್ದಿ, ಬಟ್ಟೆಯಂತೆ ಹಿಂಡದೆ ಎರಡು ಅಂಗೈಗಳ ನಡುವೆ ಒತ್ತಿ ತೊಳೆಯಿರಿ. ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಫಿಲ್ಟರ್ ಆಯಿಲ್ ಸುರಿದು, ಬಣ್ಣ ಎಲ್ಲ ಕಡೆ ಸಮನಾಗುವವರೆಗೆ ನಾದಬೇಕು. ಕೂರಿಸುವಾಗ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿದರೆ ಧೂಳಿಗೆ ಸಂದು ಉಳಿಯುವುದಿಲ್ಲ. ಕಾಗದದ ಫಿಲ್ಟರ್ ಆಗಿದ್ದರೆ ತೊಳೆಯದೆ ಬದಲಿಸಿ.

ಇನ್ನು ಬಿಳಚಿದ ಆಯಿಲ್. ಅದರಲ್ಲಿ ನೀರು ಬೆರೆತಿದೆ. ದುಡಿದು ಬಿಸಿಯಾದ ಗೇರ್ ಕೇಸ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಆ ಸೆಳೆತಕ್ಕೆ ಹೊರಗಿನ ನೀರು ಸವೆದ ಸೀಲಿನ ಮೂಲಕ ಒಳಗೆ ಬರುತ್ತದೆ. ಇದನ್ನು ತಡೆಯಲೆಂದೇ ಕೇಸಿನಿಂದ ಗಾಳಿಯಾಡಲು ಸಣ್ಣ ಬ್ರೀದರ್ ಪೈಪನ್ನು ಮೇಲಕ್ಕೆ ಒಯ್ದಿರುತ್ತಾರೆ. ಅದು ಕೆಸರಿನಿಂದ ಕಟ್ಟಿದೆಯೇ, ಬುಡದಲ್ಲಿ ಕಳಚಿದೆಯೇ ಎಂದು ನೋಡಿ ಸರಿಪಡಿಸಿ. ಹಳೆಯ ಆಯಿಲ್ ಇಳಿಸಿ ಹೊಸದನ್ನು ತುಂಬಿ, ಸ್ವಲ್ಪ ದೂರ ಓಡಿಸಿ, ಅದನ್ನೂ ಇಳಿಸಿ ಮತ್ತೊಮ್ಮೆ ತುಂಬಿ. ಖರ್ಚು ಎನಿಸಬಹುದು, ಆದರೆ ಒಂದೇ ಸಲಕ್ಕೆ ನೀರೆಲ್ಲ ಹೊರಬರುವುದಿಲ್ಲ. ಮತ್ತೆ ಬಿಳಚಿದರೆ ಸೀಲ್ ಬದಲಿಸಲೇಬೇಕು. ಎಂಜಿನ್ ಆಯಿಲನ್ನೂ ಇದೇ ಕಣ್ಣಿನಿಂದ ಪರೀಕ್ಷಿಸಿ.

ನಿಮ್ಮದು ಬೆಲ್ಟಿನ ಆಟೋಮ್ಯಾಟಿಕ್ ಗಾಡಿಯಾಗಿದ್ದರೆ, ಎಳೆಯದಿರುವುದಕ್ಕೆ ಒದ್ದೆಯಾದ ಅಥವಾ ಸವೆದು ಹೊಳಪೇರಿದ ಬೆಲ್ಟ್ ಕೂಡ ಕಾರಣವಿರಬಹುದು. ಬೆಲ್ಟ್ ಕವರಿನ ಕೆಳಗಿನ ಪ್ಲಗ್ ಬಿಚ್ಚಿ ನೀರು ಇಳಿಸಿ.

ತೊಳೆಯುವಾಗ ಪ್ರೆಶರ್ ನೀರನ್ನು ಬೇರಿಂಗ್, ಸೀಲ್, ರೇಡಿಯೇಟರುಗಳಿಗೆ ನೇರವಾಗಿ ಹಿಡಿಯಬೇಡಿ. ಚಕ್ರದ ಆಕ್ಸಲ್ ತುದಿಯ ರಬ್ಬರ್ ಬೂಟುಗಳಲ್ಲಿ ಸೀಳಿದ್ದರೆ ಕೂಡಲೇ ಬದಲಿಸಿ, ಗ್ರೀಸ್ ಸೋರಿ ಕೆಸರು ಸೇರಿದ ಮೇಲೆ ಇಡೀ ಜಾಯಿಂಟ್ ಹಾಳಾಗುತ್ತದೆ. ಎಷ್ಟೋ ಎಟಿವಿಗಳ ಟಯರಿನ ಗಾಳಿ 4ರಿಂದ 7 ಪಿಎಸ್‌ಐ ಮಾತ್ರ. ಇಷ್ಟು ಕಡಿಮೆ ಒತ್ತಡವನ್ನು ಕಾರಿನ ಗೇಜ್ ಸರಿಯಾಗಿ ತೋರಿಸದು, ಕಡಿಮೆ ಒತ್ತಡದ ಗೇಜನ್ನೇ ಕೊಳ್ಳಿ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುವುದರಿಂದ 2 ವರ್ಷಕ್ಕೊಮ್ಮೆ ಬದಲಿಸಬೇಕು, ನಿಮ್ಮ ಗಾಡಿಗೆ ಆ ಸಮಯ ಹತ್ತಿರ ಬಂದಿದೆ.

ಗೇರ್ ಆಯಿಲ್ ಬದಲಿಸುವವರೆಗೆ ಗಾಡಿಯನ್ನು ಹೊರತೆಗೆಯಬೇಡಿ. ಫಿಲ್ಟರ್ ಸರಿಪಡಿಸಿದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಕಂಪ್ರೆಷನ್ ಪರೀಕ್ಷೆಯ ಅಂಕಿಯನ್ನು ನಮೂದಿಸಿ ಮತ್ತೆ ಬರೆಯಿರಿ.