ಪೋರ್ಚುಗಲ್‌ನಲ್ಲಿ ಹತ್ತು ದಿನ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಅರವತ್ತೈದು ದಾಟಿದ, ಸಸ್ಯಾಹಾರಿಗಳಾದ ತಂದೆತಾಯಿಯನ್ನು ಕರೆದುಕೊಂಡು ಮೇ ತಿಂಗಳಲ್ಲಿ ಹತ್ತು ದಿನಗಳ ಮಟ್ಟಿಗೆ ಪೋರ್ಚುಗಲ್‌ಗೆ ಹೋದರೆ ಲಿಸ್ಬನ್, ಪೋರ್ಟೊ, ಅಲ್ಗಾರ್ವ್ ಕಡಲತೀರ ಮತ್ತು ಮಡೈರಾ ದ್ವೀಪ ಇಷ್ಟನ್ನೂ ನೋಡಿ ಬರಬಹುದೇ ಎಂದು ನೀವು ಕೇಳಿದ್ದೀರಿ. ಹೋಗಿ ಬಂದೆವು ಎಂದು ಹೇಳಿಕೊಳ್ಳುವ ಮಟ್ಟಿಗೆ ಬರಬಹುದು. ಆದರೆ ರಜೆಯ ಅರ್ಧ ಭಾಗ ಪೆಟ್ಟಿಗೆ ಕಟ್ಟುವುದರಲ್ಲೂ ಬಿಚ್ಚುವುದರಲ್ಲೂ ಮುಗಿದುಹೋಗುತ್ತದೆ. ಉದ್ಯೋಗ ನಿಮಿತ್ತ ಕೆಲವು ವರ್ಷ ಲಿಸ್ಬನ್ನಿನಲ್ಲಿದ್ದು, ಊರಿನಿಂದ ಬಂದ ಹಿರಿಯರನ್ನು ಅಲ್ಲೆಲ್ಲ ಸುತ್ತಾಡಿಸಿದ ಅನುಭವದ ಮೇಲೆ ನಾನು ಹೇಳುವುದು ಇಷ್ಟು: ಅಲ್ಗಾರ್ವ್ ಮತ್ತು ಮಡೈರಾಗಳನ್ನು ಈ ಸಲ ಕೈಬಿಡಿ. ಲಿಸ್ಬನ್‌ನಿಂದ ಉತ್ತರಕ್ಕೆ ಕೊಯಿಂಬ್ರಾ, ಪೋರ್ಟೊ, ಅಲ್ಲಿಂದ ಡೌರೊ ನದಿಯ ಕಣಿವೆ ಎಂದು ರೈಲಿನ ದಾರಿ ಹಿಡಿದೇ ನಿಮ್ಮ ಪ್ರವಾಸವನ್ನು ಯೋಜಿಸಿ.

ಅಲ್ಗಾರ್ವ್ ಕೆಟ್ಟ ಜಾಗವೆಂದು ನಾನು ಹೇಳುತ್ತಿಲ್ಲ. ಲಾಗೋಸ್ ಸುತ್ತಮುತ್ತಲಿನ ಹಳದಿ ಮಿಶ್ರಿತ ಕೆಂಪು ಬಂಡೆಗಳೂ ಬೆನಗಿಲ್ ಎಂಬಲ್ಲಿನ, ಮೇಲ್ಭಾಗ ತೂತಾದ ಸಮುದ್ರ ಗುಹೆಯೂ ಚಿತ್ರಗಳಲ್ಲಿ ಕಾಣುವಷ್ಟೇ ಚೆನ್ನಾಗಿವೆ. ಆದರೆ ಆ ಬಂಡೆಗಳ ನಡುವಿನ ಎಷ್ಟೋ ತೀರಗಳಿಗೆ ಮೆಟ್ಟಿಲಿಳಿದೇ ಹೋಗಬೇಕು, ಗುಹೆಯನ್ನು ದೋಣಿಯಲ್ಲಿ ಕುಳಿತೇ ನೋಡಬೇಕು, ಅಟ್ಲಾಂಟಿಕ್ ನೀರು ಮೇ ತಿಂಗಳಲ್ಲಿ ಕಾಲಿಟ್ಟರೆ ಕೊರೆಯುವಷ್ಟು ತಣ್ಣಗಿರುತ್ತದೆ. ಗೋಕರ್ಣ, ಮುರ್ಡೇಶ್ವರಗಳ ಬೆಚ್ಚಗಿನ ನೀರಿಗೆ ಒಗ್ಗಿದ ನಮ್ಮ ಹಿರಿಯರು ಅಲ್ಲಿ ದಡದಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತುಕೊಳ್ಳುವುದೇ ಹೆಚ್ಚು. ಮಡೈರಾಕ್ಕೆ ಹೋಗಲು ಮತ್ತೊಂದು ವಿಮಾನ ಬೇಕು. ಅಲ್ಲಿ ನೋಡಲೇಬೇಕಾದ ಲೆವಾದಾಗಳು, ಅಂದರೆ ಬೆಟ್ಟದ ಬದಿಯಲ್ಲಿ ಕಡಿದ ನೀರಿನ ಕಾಲುವೆಗಳ ಪಕ್ಕದ ಕಾಲುದಾರಿಗಳು, ನಡೆಯಬಲ್ಲವರಿಗೆ ಹೇಳಿ ಮಾಡಿಸಿದಂಥವು.

ಲಿಸ್ಬನ್‌ಗೆ ನಾಲ್ಕು ದಿನವಾದರೂ ಇಟ್ಟುಕೊಳ್ಳಿ. 1755ರ ನವೆಂಬರ್ 1ರಂದು ಭೂಕಂಪ, ಅದರ ಹಿಂದೆಯೇ ಸಮುದ್ರದ ಅಲೆ ಮತ್ತು ಬೆಂಕಿ ಈ ನಗರವನ್ನು ನೆಲಸಮ ಮಾಡಿದವು. ಆ ಬಳಿಕ ಪೊಂಬಾಲ್ ಮಾರ್ಕಿಸ್ ಎಂಬ ಮಂತ್ರಿಯ ಮೇಲ್ವಿಚಾರಣೆಯಲ್ಲಿ ಕಟ್ಟಿದ ಬೈಶಾ ಭಾಗದ ಬೀದಿಗಳು ಗೆರೆ ಎಳೆದಂತೆ ನೇರವಾಗಿವೆ. ಭೂಕಂಪಕ್ಕೆ ಬಹುಮಟ್ಟಿಗೆ ಜಗ್ಗದ ಅಲ್ಫಾಮಾ ಭಾಗದಲ್ಲಿ ಇಂದಿಗೂ ಓಣಿಗಳು, ಮೆಟ್ಟಿಲುಗಳು, ಬಟ್ಟೆ ಒಣಹಾಕಿದ ಕಿಟಕಿಗಳು. ಅಲ್ಫಾಮಾ ನೋಡಲು ಸೊಗಸು, ಉಳಿದುಕೊಳ್ಳಲು ಅಲ್ಲ. ಕಾರು ಬಾಗಿಲವರೆಗೆ ಬರುವುದಿಲ್ಲ, ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲೆ ನೀವೇ ಹೊರಬೇಕು. ಬೈಶಾದಲ್ಲೋ, ಸಮತಟ್ಟಾಗಿದ್ದು ಮೆಟ್ರೊ ಹತ್ತಿರವಿರುವ ಅವೆನಿದಾಸ್ ನೋವಾಸ್ ಭಾಗದಲ್ಲೋ ಕೋಣೆ ಹಿಡಿಯಿರಿ. ಇನ್ನೊಂದು ಎಚ್ಚರಿಕೆ ಪಾದಚಾರಿ ಮಾರ್ಗಗಳದು. ಬಿಳಿ ಸುಣ್ಣಕಲ್ಲು ಮತ್ತು ಕಪ್ಪುಕಲ್ಲಿನ ಸಣ್ಣ ತುಂಡುಗಳನ್ನು ಕೈಯಿಂದ ಜೋಡಿಸಿ ಅಲೆ, ಹಡಗು, ಹೂಗಳ ವಿನ್ಯಾಸ ಬಿಡಿಸಿರುವ ಈ ದಾರಿಗಳು ವರ್ಷಗಟ್ಟಲೆ ನಡಿಗೆಯಿಂದ ಸವೆದು ನುಣುಪಾಗಿವೆ, ಒಂದು ಹನಿ ಮಳೆ ಬಿದ್ದರೂ ಜಾರುತ್ತವೆ. ತಂದೆತಾಯಿಗೆ ರಬ್ಬರ್ ಅಟ್ಟೆಯ ಹೊಸ ಬೂಟು ಕೊಡಿಸುವ ಖರ್ಚು ಬೇರೆಲ್ಲ ಖರ್ಚಿಗಿಂತ ಮುಖ್ಯವಾದದ್ದು. ಎಲ್ಲರೂ ಹೇಳುವ 28ನೆಯ ಸಂಖ್ಯೆಯ ಟ್ರಾಮ್ ಹತ್ತುವುದಾದರೆ ಬೆಳಗ್ಗೆ ಬೇಗ ಹೋಗಿ. ಹೊತ್ತು ಏರಿದ ಮೇಲೆ ಕೂರಲು ಜಾಗವಿರುವುದಿಲ್ಲ, ಜೇಬುಗಳ್ಳರಿಗೂ ಅದೇ ಅಚ್ಚುಮೆಚ್ಚಿನ ಗಾಡಿ.

ಲಿಸ್ಬನ್ನಿನ ಒಂದು ಪೂರ್ತಿ ದಿನವನ್ನು ಬೆಲೆಂ ಎಂಬ ನದಿತೀರದ ಭಾಗಕ್ಕೆ ಕೊಡಿ. ವಾಸ್ಕೊ ಡ ಗಾಮ 1497ರ ಜುಲೈನಲ್ಲಿ ಹೊರಟದ್ದು ಈ ದಡದಿಂದ. ಮರುವರ್ಷ ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿ, ಹಿಂದಿರುಗುವ ಮುನ್ನ ಆತ ನಮ್ಮ ಕಾರವಾರದೆದುರಿನ ಅಂಜುದೀವ ದ್ವೀಪದಲ್ಲಿ ತಂಗಿದ್ದ. ಇಲ್ಲಿನ ಜೆರೊನಿಮೊಸ್ ಮಠವನ್ನು ಕಟ್ಟಲು ಆರಂಭಿಸಿದ್ದು 1501ರಲ್ಲಿ. ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹೇರಿದ ಶೇಕಡಾ 5ರ ಸುಂಕ ಅದರ ವೆಚ್ಚಕ್ಕೆ ಹೋಯಿತು, ಕೆಲಸ ನೂರು ವರ್ಷ ನಡೆಯಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ ಗೇರುಸೊಪ್ಪೆಯಲ್ಲಿ ಆಳುತ್ತಿದ್ದಳು ಎಂಬುದು ನೆನಪಿದ್ದರೆ, ಆ ಅಂಗಳದ ಕಲ್ಲಿನ ಕುಸುರಿ ನೋಡುವಾಗ ಅದಕ್ಕೆ ದುಡ್ಡು ಎಲ್ಲಿಂದ ಬಂತೆಂದು ಯಾರೂ ವಿವರಿಸಬೇಕಾಗಿಲ್ಲ. ಕಂಬಗಳಲ್ಲಿ ಹಗ್ಗದ ಗಂಟು, ಸಮುದ್ರಜೀವಿಗಳು ಕಾಣುತ್ತವೆ. ಚರ್ಚಿನ ಬಾಗಿಲು ದಾಟಿದೊಡನೆ ಗಾಮನ ಸಮಾಧಿ.

ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಬೆಲೆಂ ಗೋಪುರದ ಒಳಗೆ ಹೋಗಲು ಇಕ್ಕಟ್ಟಾದ ಸುರುಳಿ ಮೆಟ್ಟಿಲು ಹತ್ತಬೇಕು, ದುರಸ್ತಿಗಾಗಿ ಮುಚ್ಚಿರುವುದೂ ಉಂಟು. ಅದಕ್ಕಾಗಿ ಬೇಸರಪಡಬೇಕಾಗಿಲ್ಲ, ಹೊರಗಿನಿಂದ ನೋಡಬೇಕಾದದ್ದೇ ಹೆಚ್ಚಿನದು. ಕೋಟೆಯ ಮೂಲೆಗಳಲ್ಲಿ ಕಾವಲುಗಾರರ ಪುಟ್ಟ ಗೂಡುಗಳಿವೆ. ಅವುಗಳಲ್ಲಿ ಒಂದರ ಬುಡದಲ್ಲಿ, ಗಾಳಿಮಳೆಗೆ ಮೂತಿ ಸವೆದಿರುವ ಒಂದು ಖಡ್ಗಮೃಗದ ತಲೆಯಿದೆ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಖಡ್ಗಮೃಗವೊಂದನ್ನು ಗೋವೆಯಲ್ಲಿದ್ದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಹಡಗಿನಲ್ಲಿ ಕಳುಹಿಸಿ, ಅದು 1515ರ ಮೇ ತಿಂಗಳಲ್ಲಿ ಲಿಸ್ಬನ್ ತಲುಪಿದಾಗ ಯುರೋಪಿನ ಜನ ಬೆರಗಾಗಿದ್ದರು. ಮಾರ್ಗದರ್ಶಕರ ಗುಂಪುಗಳು ಬಹುಪಾಲು ಮುಂಭಾಗದಲ್ಲೇ ಚಿತ್ರ ತೆಗೆಸಿಕೊಂಡು ಮರಳುತ್ತವೆ. ನೀವು ಪಕ್ಕಕ್ಕೆ ಸರಿದು ಹುಡುಕಿ. ಸೋಮವಾರ ಇಂಥ ಬಹಳಷ್ಟು ಸ್ಮಾರಕಗಳಿಗೆ ರಜೆ.

ಸಿಂತ್ರಾಕ್ಕೆ ಲಿಸ್ಬನ್ನಿನ ರೋಸಿಯೊ ನಿಲ್ದಾಣದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಎರಡನೆಯ ಮರಿಯಾ ರಾಣಿಯ ಪತಿ ಫರ್ಡಿನಾಂಡ್ 1838ರಲ್ಲಿ ಪಾಳುಬಿದ್ದ ಮಠವೊಂದನ್ನು ಕೊಂಡು ಅದರ ಮೇಲೆ ಕಟ್ಟಿಸಿದ ಹಳದಿ-ಕೆಂಪು ಬಣ್ಣದ ಪೆನಾ ಅರಮನೆಗೇ ಎಲ್ಲರೂ ಮುಗಿಬೀಳುತ್ತಾರೆ. ಒಳಾಂಗಣಕ್ಕೆ ವೇಳೆ ನಿಗದಿಯಾದ ಟಿಕೆಟ್ಟನ್ನು ಮುಂಚೆಯೇ ಕೊಳ್ಳಬೇಕು, ದಿನದ ಮೊದಲ ವೇಳೆಯನ್ನೇ ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ, ಹಿರಿಯರಿಗೆ ಅದಕ್ಕಿಂತ ಮೊನ್ಸೆರ್ರಾತೆ ಅರಮನೆ ಮತ್ತು ಅದರ ಉದ್ಯಾನ ಹೆಚ್ಚು ಹಿಡಿಸುತ್ತವೆ. ನೂಕುನುಗ್ಗಲು ಕಡಿಮೆ, ಕಮಾನುಗಳಲ್ಲಿ ನಮ್ಮ ದೇಶದ ಜಾಲಂಧ್ರಗಳ ಛಾಯೆ ಎದ್ದು ಕಾಣುತ್ತದೆ. ವಿಷಯ ಬಂದದ್ದರಿಂದ ಹೇಳುತ್ತೇನೆ: ಸೋಮನಾಥದ 13ನೆಯ ಶತಮಾನದ ಸಂಸ್ಕೃತ ಶಾಸನವೊಂದು ಪೋರ್ಚುಗೀಸರ ಮೂಲಕ ಇದೇ ಸಿಂತ್ರಾದ ತೋಟದ ಮನೆಯೊಂದನ್ನು ಸೇರಿತ್ತು, ಶಾಸನತಜ್ಞರು ಅದನ್ನು ಸಿಂತ್ರಾ ಪ್ರಶಸ್ತಿ (ಪ್ರಶಸ್ತಿ ಎಂದರೆ ಇಲ್ಲಿ ಹೊಗಳಿಕೆಯ ಶಾಸನ) ಎಂದೇ ಕರೆಯುತ್ತಾರೆ. ಅದು ಪ್ರವಾಸಿಗರು ನೋಡುವ ತಾಣವಲ್ಲ, ಆದರೂ ಇತಿಹಾಸದಲ್ಲಿ ಆಸಕ್ತಿಯಿದ್ದವರಿಗೆ ತಿಳಿದಿರಲಿ. ಬೇಸಿಗೆಯಲ್ಲೂ ಅಲ್ಲಿ ಮಂಜು ಕವಿಯುವುದರಿಂದ ಒಂದು ಶಾಲು ಜೊತೆಗಿರಬೇಕು.

ಊಟದ ವಿಷಯ. ಪೋರ್ಚುಗಲ್ ಮೀನು ತಿನ್ನುವವರ ನಾಡು. ಸೊಪ್ಪಿನದೆಂದು ಕಾಣುವ ಕಾಲ್ದೊ ವೆರ್ದೆ ಸಾರಿನಲ್ಲೂ ಹಂದಿಮಾಂಸದ ಸಾಸೇಜಿನ ತುಂಡು ತೇಲುತ್ತಿರುತ್ತದೆ. ಆದ್ದರಿಂದ ಮಾಂಸವೂ ಬೇಡ, ಮೀನೂ ಬೇಡ ಎಂಬ ಅರ್ಥದ ‘ಸೆಂ ಕಾರ್ನೆ, ಸೆಂ ಪೈಶೆ’ ಎಂಬ ಮಾತನ್ನು ಬರೆದಿಟ್ಟುಕೊಂಡು ತೋರಿಸಿ. ಲಿಸ್ಬನ್ನಿನ ರಾಧಾಕೃಷ್ಣ ದೇವಸ್ಥಾನದ ಊಟದ ಮನೆಯಲ್ಲಿ ಶುದ್ಧ ಸಸ್ಯಾಹಾರ ಸಿಗುತ್ತದೆ; ಮೊಜಾಂಬಿಕ್‌ನಿಂದ ಬಂದು ನೆಲೆಸಿದ ಗುಜರಾತಿಗಳ ಅಡುಗೆ ಅದು. ಮಾರ್ತಿಂ ಮೋನಿಜ್ ಚೌಕದ ಸುತ್ತಲಿನ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಮಸಾಲೆ ದೊರೆಯುವುದರಿಂದ ಅಡುಗೆಮನೆಯಿರುವ ಕೋಣೆ ಹಿಡಿದರೆ ನಿಮ್ಮ ತಾಯಿಗೆ ಅನ್ನ-ಸಾರಿನ ಚಿಂತೆಯೂ ಇರುವುದಿಲ್ಲ. 1837ರಿಂದ ಬೆಲೆಂನ ಒಂದೇ ಅಂಗಡಿಯಲ್ಲಿ ಮಾರುತ್ತಿರುವ ಪ್ರಸಿದ್ಧ ಪಾಸ್ತೆಲ್ ಸೇರಿದಂತೆ ಅಲ್ಲಿನ ಸಾಂಪ್ರದಾಯಿಕ ಸಿಹಿಗಳೆಲ್ಲ ಬಹುತೇಕ ಮೊಟ್ಟೆಯ ಹಳದಿಯಿಂದಲೇ ಆದವು. ಮನೆಯಲ್ಲಿ ಮೊಟ್ಟೆ ನಡೆಯದಿದ್ದರೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೋಟೆಲಿನಲ್ಲಿ ಕೇಳದೆಯೇ ಮೇಜಿಗೆ ತಂದಿಡುವ ಬ್ರೆಡ್ಡು, ಆಲಿವ್, ಚೀಸ್ ಉಚಿತವಲ್ಲ. ಮುಟ್ಟದೆ ಹಿಂದಕ್ಕೆ ಕಳುಹಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಅಲ್ಫಾ ಪೆಂಡುಲಾರ್ ಎಂಬ ವೇಗದ ರೈಲು ಲಿಸ್ಬನ್‌ನಿಂದ ಪೋರ್ಟೊಗೆ ಸುಮಾರು ಮೂರು ಗಂಟೆಯಲ್ಲಿ ಮುಟ್ಟಿಸುತ್ತದೆ. 65 ದಾಟಿದವರಿಗೆ ವಯಸ್ಸಿನ ದಾಖಲೆ ತೋರಿಸಿದರೆ ಅರ್ಧ ದರ. ನಡುವೆ ಕೊಯಿಂಬ್ರಾದಲ್ಲಿ ಒಂದು ರಾತ್ರಿ ತಂಗಿದರೆ, 1290ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಜೊಆನಿನಾ ಗ್ರಂಥಾಲಯವನ್ನು ನೋಡಬಹುದು. ಪುಸ್ತಕಗಳನ್ನು ಹಾಳುಗೆಡವುವ ಹುಳುಗಳನ್ನು ಅಲ್ಲಿ ವಾಸವಾಗಿರುವ ಬಾವಲಿಗಳು ರಾತ್ರಿ ತಿನ್ನುತ್ತವೆ, ಅವುಗಳ ಹಿಕ್ಕೆ ಬೀಳದಂತೆ ಸಿಬ್ಬಂದಿ ಸಂಜೆ ಮೇಜುಗಳಿಗೆ ಚರ್ಮದ ಹೊದಿಕೆ ಹಾಕಿ ಹೋಗುತ್ತಾರೆ.

ಪೋರ್ಟೊದಲ್ಲಿ ಸಾಂವ್ ಬೆಂತೊ ನಿಲ್ದಾಣದ ಗೋಡೆಗಳ ಮೇಲೆ ಜಾರ್ಜ್ ಕೊಲಾಸೊ ಚಿತ್ರಿಸಿದ ಸುಮಾರು 20,000 ನೀಲಿ ಹೆಂಚುಗಳಿವೆ. ನೋಡಲು ಟಿಕೆಟ್ಟೂ ಬೇಡ. ಊರು ಕಡಿದಾದ ಇಳಿಜಾರಿನದು, ಆದರೆ ಉಪಾಯವಿದೆ: 1886ರ ದೊಂ ಲೂಯಿಸ್ ಸೇತುವೆಯ ಮೇಲಿನ ಅಂತಸ್ತಿನಲ್ಲಿ ಮೆಟ್ರೊದಲ್ಲಿ ನದಿ ದಾಟಿ, ಅತ್ತಕಡೆಯಿಂದ ಹಗ್ಗದ ತೊಟ್ಟಿಲಲ್ಲಿ, ಅಂದರೆ ಕೇಬಲ್ ಕಾರಿನಲ್ಲಿ, ನದಿತೀರಕ್ಕೆ ಇಳಿಯಬಹುದು. ಇಲ್ಲಿಂದ ಡೌರೊ ಕಣಿವೆಯ ಪಿನ್ಯಾಂವ್‌ಗೆ ಹೋಗುವ ನಿಧಾನಗತಿಯ ರೈಲೇ ಈ ಪ್ರವಾಸದಲ್ಲಿ ನಿಮ್ಮ ತಂದೆತಾಯಿಗೆ ಅತಿ ಹೆಚ್ಚು ಹಿಡಿಸುವ ಭಾಗವೆಂದು ನನ್ನ ಅಂದಾಜು. ಎರಡೂವರೆ ಗಂಟೆಯ ದಾರಿಯ ಉತ್ತರಾರ್ಧ ನದಿಯ ಅಂಚಿನಲ್ಲೇ ಸಾಗುತ್ತದೆ. ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ. ಎರಡೂ ದಡಗಳಲ್ಲಿ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ದ್ರಾಕ್ಷಿ ಬೆಳೆದಿದ್ದಾರೆ. ಇಂತಿಷ್ಟೇ ಪ್ರದೇಶದ ದ್ರಾಕ್ಷಿಯಿಂದ ಪೋರ್ಟ್ ಮದ್ಯ ಮಾಡತಕ್ಕದ್ದು ಎಂದು 1756ರಲ್ಲೇ ಗಡಿ ಗುರುತಿಸಿದ ಕಣಿವೆಯಿದು. ಮದ್ಯ ಮುಟ್ಟದವರೂ ಕುಳಿತು ನೋಡಬಹುದಾದ ನೋಟ.

ಒಂದು ದಿನ ಮಿಕ್ಕಿದರೆ ಲಿಸ್ಬನ್‌ನಿಂದ ಎವೊರಾಕ್ಕೆ ಹೋಗಿ ರೋಮನ್ ಕಾಲದ ಗುಡಿಯನ್ನು ನೋಡಬಹುದು. ದೈತ್ಯ ಅಲೆಗಳಿಗೆ ಹೆಸರಾದ ನಜರೆಗೆ ಮೇ ತಿಂಗಳಲ್ಲಿ ಹೋಗಿ ಉಪಯೋಗವಿಲ್ಲ, ಅವು ಏಳುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಮೇ 13ರ ಆಸುಪಾಸಿನಲ್ಲಿ ಫಾತಿಮಾ ಎಂಬ ಊರಿನ ಕ್ರೈಸ್ತ ಯಾತ್ರೆಗೆ ಲಕ್ಷಾಂತರ ಜನ ಸೇರುವುದರಿಂದ ಆ ಊರಿನ ಸುತ್ತ ಕೋಣೆ ಸಿಗುವುದು ಕಷ್ಟ. ತಿಂಗಳ ಕೊನೆಯ ವಾರಗಳನ್ನು ಆರಿಸಿಕೊಂಡರೆ ಲಿಸ್ಬನ್ನಿನ ಬೀದಿಗಳಲ್ಲಿ ಜಕರಂಡ ಹೂ ಬಿಟ್ಟಿರುವುದನ್ನೂ ನೋಡಬಹುದು. ವಿಮಾನದ ಟಿಕೆಟ್ ಮಾಡಿಸುವಾಗ ಲಿಸ್ಬನ್ನಿನಲ್ಲಿ ಇಳಿದು ಪೋರ್ಟೊದಿಂದ ಹೊರಡುವಂತೆ ಕೇಳಿ. ದರ ಸ್ವಲ್ಪ ಹೆಚ್ಚಾದರೂ ಹಿಂದಿರುಗುವ ರೈಲಿನ ಖರ್ಚು ಮತ್ತು ಒಂದು ದಿನ ಎರಡೂ ಉಳಿಯುತ್ತವೆ.