ಬಾಡಿಗೆ ಕಡಿಮೆಯಿರುವ ಊರೋ, ಬೇಗ ಮನೆ ಸೇರಬಹುದಾದ ಊರೋ?

ಪ್ರಶ್ನೆ: ನನ್ನ ಪತಿಗೆ ಬೆಂಗಳೂರಿಗೆ ವರ್ಗವಾಗಿದ್ದು, ಕಚೇರಿ ವಿಧಾನಸೌಧದ ಸಮೀಪದಲ್ಲಿದೆ. ನಾಲ್ಕನೇ ತರಗತಿಯ ಮಗಳು, ಎಲ್‌ಕೆಜಿಗೆ ಸೇರಬೇಕಾದ ಮಗ ಮತ್ತು ಮಂಡಿನೋವಿರುವ ಎಪ್ಪತ್ತರ ಅತ್ತೆಯವರು ನಮ್ಮೊಂದಿಗಿರುತ್ತಾರೆ. ಕೆಂಗೇರಿ ಉಪನಗರ, ಬಿಡದಿ, ನೆಲಮಂಗಲ ಎಂಬ ಮೂರು ಹೆಸರುಗಳನ್ನು ಬಂಧುಗಳು ಸೂಚಿಸಿದ್ದಾರೆ. ನಾವು ವಿಚಾರಿಸಿದ ಮನೆಗಳಲ್ಲಿ ಕೆಂಗೇರಿಯ ಬಾಡಿಗೆ ಉಳಿದೆರಡಕ್ಕಿಂತ ಆರೇಳು ಸಾವಿರ ಹೆಚ್ಚಿರುವುದರಿಂದ ಪತಿ ಹಿಂಜರಿಯುತ್ತಿದ್ದಾರೆ. ಯಾವುದು ಸೂಕ್ತ?
– ಗೃಹಿಣಿ, ಶಿವಮೊಗ್ಗ

ಉತ್ತರ: ತಿಂಗಳಿಗೆ ಆರೇಳು ಸಾವಿರ ಸಣ್ಣ ಮೊತ್ತವಲ್ಲ, ನಿಮ್ಮ ಪತಿಯ ಲೆಕ್ಕವನ್ನು ತಳ್ಳಿಹಾಕಲಾಗದು. ಆದರೆ ಆ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಅವರು ಸಂಜೆ ಎಷ್ಟು ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ ಎಂಬುದೇ ಅದು. ಎಲ್‌ಕೆಜಿಯ ಮಗು ಎಂಟೂವರೆಗೆಲ್ಲ ನಿದ್ದೆಗೆ ಜಾರುತ್ತದೆ. ತಂದೆ ಒಂಬತ್ತಕ್ಕೆ ಬರುವ ಮನೆಯಲ್ಲಿ ಅದು ಅವರನ್ನು ಕಾಣುವುದು ಭಾನುವಾರ ಮಾತ್ರ.

ಕೆಂಗೇರಿಗೆ 2021ರ ಆಗಸ್ಟ್ ಕೊನೆಯಲ್ಲೇ ಮೆಟ್ರೊ ಬಂದಿದ್ದು, ಅದೇ ನೇರಳೆ ಮಾರ್ಗ ವಿಧಾನಸೌಧದ ನಿಲ್ದಾಣವನ್ನೂ ಹಾದುಹೋಗುವುದರಿಂದ ನಡುವೆ ಎಲ್ಲಿಯೂ ರೈಲು ಬದಲಿಸಬೇಕಿಲ್ಲ. ನೆಲಮಂಗಲದ ಕಡೆ ಹಸಿರು ಮಾರ್ಗ 2024ರ ನವೆಂಬರಿನಲ್ಲಿ ಮಾದಾವರದವರೆಗೆ ವಿಸ್ತರಿಸಿತಾದರೂ, ಊರಿನಿಂದ ಅಲ್ಲಿಯವರೆಗೆ ಬಸ್ಸು ಹಿಡಿದು, ಬಳಿಕ ಮೆಜೆಸ್ಟಿಕ್‌ನಲ್ಲಿ ಇಳಿದು ಮಾರ್ಗ ಬದಲಿಸಬೇಕಾಗುತ್ತದೆ. ಕಚೇರಿ ಪೀಣ್ಯದಲ್ಲಿದ್ದರೆ ನಾನೇ ನೆಲಮಂಗಲ ಎನ್ನುತ್ತಿದ್ದೆ. ಬಿಡದಿಗೆ ರೈಲುಗಳಿವೆ, ಆದರೆ ಒಂದು ತಪ್ಪಿದರೆ ಮುಂದಿನದಕ್ಕೆ ಕಾಯುವ ಹೊತ್ತು ಮೆಟ್ರೊದಂತೆ ಕೆಲವೇ ನಿಮಿಷಗಳದ್ದಲ್ಲ. ಬೈಕಿನಲ್ಲಿ ಓಡಾಡುವ ಆಲೋಚನೆಯಿದ್ದರೆ, ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧವಿರುವುದರಿಂದ ಸರ್ವಿಸ್ ರಸ್ತೆಯೇ ಗತಿ. ಬಿಡದಿಯ ತಟ್ಟೆ ಇಡ್ಲಿಯನ್ನು ರಜೆಯ ದಿನ ಹೋಗಿ ತಿಂದು ಬರಬಹುದು. ಅದಕ್ಕಾಗಿ ಅಲ್ಲೇ ಬಾಡಿಗೆಗಿರಬೇಕಿಲ್ಲ.

ಆದ್ದರಿಂದ ನನ್ನ ಸಲಹೆ ಕೆಂಗೇರಿ ಉಪನಗರ. ಹಾಗೆಂದು ಕಣ್ಣುಮುಚ್ಚಿ ಮುಂಗಡ ಕೊಡಬೇಡಿ. ವೃಷಭಾವತಿ ನದಿ ನಗರದ ಕೊಳಚೆಯನ್ನು ಹೊತ್ತು ಈ ಭಾಗದಲ್ಲೇ ಹರಿಯುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಮನೆ ನೋಡಿದವರಿಗೆ ತಿಳಿಯದ ವಾಸನೆ ಸಂಜೆ ಗಾಳಿ ತಿರುಗಿದಾಗ ತಿಳಿಯುತ್ತದೆ. ದೀಪ ಹಚ್ಚುವ ಹೊತ್ತಿಗೆ ಮತ್ತೊಮ್ಮೆ ಹೋಗಿ, ಕಿಟಕಿ ತೆರೆದು ಹತ್ತು ನಿಮಿಷ ನಿಂತು ನೋಡಿ. ಸೊಳ್ಳೆಯ ವಿಚಾರವೂ ಆಗಲೇ ಗೊತ್ತಾಗುತ್ತದೆ.

ಇನ್ನು ನೀರು. ಈ ವಿಷಯದಲ್ಲಿ ನಾನು ಸ್ವತಃ ಮೋಸಹೋದವನು. ಹಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ನಗರದ ಹೊರವಲಯದಲ್ಲೊಂದು ಮನೆ ಹಿಡಿದೆ; ನಲ್ಲಿ ತಿರುಗಿಸಿದರೆ ಧಾರಾಳ ನೀರು, ಮಾಲೀಕರ ಮುಖದಲ್ಲಿ ಧಾರಾಳ ನಗು. ಮಾರ್ಚ್ ಬರುವಷ್ಟರಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿನವನ ಫೋನಿಗಾಗಿ ಕಾಯುವುದೇ ನನ್ನ ಬೆಳಗಿನ ಕೆಲಸವಾಯಿತು. 2024ರ ಬೇಸಿಗೆಯಲ್ಲಂತೂ ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಇದೇ ಗತಿಯಾಯಿತು. ಆದ್ದರಿಂದ ‘ಕಾವೇರಿ ಇದೆಯೇ’ ಎಂದು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ಜಲಮಂಡಳಿಯ ಬಿಲ್ಲನ್ನು ನೋಡಿ, ವಾರಕ್ಕೆ ಎಷ್ಟು ದಿನ ನೀರು ಬಿಡುತ್ತಾರೆ, ಸಂಪು ಎಷ್ಟು ಮನೆಗಳಿಗೆ ಸೇರಿದ್ದು ಎಂದು ತಿಳಿದುಕೊಳ್ಳಿ. ಸ್ನಾನದ ಮನೆಯ ನಲ್ಲಿಯ ಬುಡದಲ್ಲಿ ಸುಣ್ಣದಂತಹ ಬಿಳಿ ಪದರ ಕಟ್ಟಿದ್ದರೆ, ಆ ಮನೆಗೆ ಬಹುತೇಕ ಬೋರ್ ನೀರೇ ಬರುತ್ತಿದೆ ಎಂದು ಊಹಿಸಬಹುದು. ಬೀದಿಯ ದಿನಸಿ ಅಂಗಡಿಯವರನ್ನು ಕೇಳಿದರೆ ಮಾಲೀಕರಿಗಿಂತ ನೇರವಾದ ಉತ್ತರ ಸಿಕ್ಕೀತು.

ಮನೆಗಿಂತ ಮೊದಲು ಮಗಳ ಶಾಲೆ ಗೊತ್ತುಮಾಡಿಕೊಳ್ಳಿ. ನಡೆದು ಹೋಗುವ ದೂರದಲ್ಲಿ ಮನೆ ಸಿಕ್ಕರೆ ಶಾಲಾ ವ್ಯಾನಿನ ಶುಲ್ಕ ಉಳಿದು, ನಿಮ್ಮ ಪತಿ ಹೇಳುವ ಆರೇಳು ಸಾವಿರದಲ್ಲಿ ಒಂದು ಪಾಲು ಅಲ್ಲೇ ಹಿಂದಿರುಗುತ್ತದೆ. ಅತ್ತೆಯವರಿಗಾಗಿ ನೆಲಮಹಡಿಯ ಮನೆಯನ್ನೇ ಹುಡುಕಿ. ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ ಅವರ ಓಡಾಟ ಬಾಲ್ಕನಿಗೇ ನಿಂತುಹೋಗುತ್ತದೆ.

ಪ್ರಶ್ನೆ: ಯಲಹಂಕದಲ್ಲಿ ಮನೆಯೊಂದು ಒಪ್ಪಿಗೆಯಾಗಿದೆ. ಮಾಲೀಕರು ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುತ್ತಿದ್ದು, ಕರಾರು ಮಾತ್ರ ಹನ್ನೊಂದು ತಿಂಗಳಿಗೆ ಎನ್ನುತ್ತಾರೆ. ಇದು ಸರಿಯೇ?
– ಓದುಗ, ಹಾಸನ

ಉತ್ತರ: ಒಂದು ವರ್ಷವನ್ನು ಮೀರುವ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕಾದ್ದರಿಂದ, ಅದನ್ನು ತಪ್ಪಿಸಲು ಹನ್ನೊಂದು ತಿಂಗಳ ರೂಢಿ ಬಂದಿದೆ, ಅದರಲ್ಲಿ ಆತಂಕಪಡುವಂಥದ್ದೇನಿಲ್ಲ. ಹತ್ತು ತಿಂಗಳ ಮುಂಗಡ ಬೆಂಗಳೂರಿನ ಹಳೆಯ ವಾಡಿಕೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆಯಾದರೂ, ಅದು ಮಾದರಿ ಮಾತ್ರ. ಮಾಲೀಕರನ್ನು ಅದರಿಂದ ಕಟ್ಟಿಹಾಕಲಾಗದು. ಐದಾರು ತಿಂಗಳಿಗೆ ಇಳಿಸಲು ಕೇಳಿನೋಡಿ, ಈಗ ಹಲವರು ಒಪ್ಪುತ್ತಾರೆ. ಮನೆ ಬಿಡುವಾಗ ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ, ಉಳಿದ ಹಣವನ್ನು ಎಷ್ಟು ದಿನದಲ್ಲಿ ಹಿಂದಿರುಗಿಸುತ್ತಾರೆ ಎಂಬ ಎರಡು ಮಾತುಗಳನ್ನು ಕರಾರಿನಲ್ಲಿ ಬರೆಸದೆ ಸಹಿ ಹಾಕಬೇಡಿ. ಗೃಹಜ್ಯೋತಿ ಬಾಡಿಗೆದಾರರಿಗೂ ದೊರೆಯುತ್ತದೆ. ಆದರೆ ಹಿಂದಿನ ಬಾಡಿಗೆದಾರರ ಆಧಾರ್ ಆ ಮನೆಯ ಆರ್‌ಆರ್ ಸಂಖ್ಯೆಯೊಂದಿಗೆ ಇನ್ನೂ ಜೋಡಣೆಯಾಗಿದ್ದರೆ, ಬೀಗದ ಕೈ ಪಡೆಯುವ ಮೊದಲೇ ಅದನ್ನು ತೆಗೆಸಿಕೊಡುವಂತೆ ಮಾಲೀಕರನ್ನು ಕೇಳಿ.